ಗೊಜ್ಜಿಗೆ ತಕ್ಕ ಗಿರಾಕಿ

ಹಾಗಲಕಾಯಿ ಗೊಜ್ಜನ್ನು ಯಾರಿಗೆ ಮಾರಬೇಕು ಎಂಬ ಪ್ರಶ್ನೆಯನ್ನು ಕಾಶಿಯ ಪಂಡಿತರು ಇಷ್ಟು ಶತಮಾನವಾದರೂ ಕೈಗೆತ್ತಿಕೊಳ್ಳದಿದ್ದುದು ದೊಡ್ಡ ಲೋಪವೆಂದೇ ಹೇಳಬೇಕು. ಆತ್ಮ, ಪರಮಾತ್ಮ, ಮಾಯೆ ಎಲ್ಲವನ್ನೂ ಜಾಲಾಡಿ, ಗೊಜ್ಜನ್ನು ಮಾತ್ರ ಬ್ಯಾಂಕ್ ಗುಮಾಸ್ತ ತೋಂಟೇಶನ ಪಾಲಿಗೆ ಉಳಿಸಿದ್ದರು. ಅದೂ ಒಂದು ಭಾನುವಾರಕ್ಕೆ.

ತುಮಕೂರಿನಿಂದ ಕಾಶಿಗೆ ವರ್ಗವಾಗಿ ಬಂದು ನಾಲ್ಕು ವರ್ಷವಾಗಿತ್ತು. ಹೆಂಡತಿ ವಿಶಾಲಾಕ್ಷಿಗೆ ಇಲ್ಲಿಯ ಹಿಂದಿ ಅರ್ಥವಾಗಲು ಎರಡು ವರ್ಷ, ಅರ್ಥವಾದ ಮೇಲೆ ಬೇಸರವಾಗಲು ಇನ್ನೆರಡು ವರ್ಷ ಹಿಡಿದಿತ್ತು. ಕೊನೆಗೆ ಒಂದು ದಿನ ಗಾಡಿಯವನ ಬಳಿ ಹಾಗಲಕಾಯಿ, ಇಲ್ಲಿಯವರ ಕರೇಲಾ, ಅಗ್ಗವಾಗಿ ಸಿಕ್ಕಾಗ, ತನ್ನದೇ ಒಂದು ವ್ಯಾಪಾರ ಇರಲೆಂದು ಇಪ್ಪತ್ತನಾಲ್ಕು ಬಾಟಲಿ ಗೊಜ್ಜು ಮಾಡಿ, ಒಂದೊಂದಕ್ಕೂ ಗುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದಳು.

ತಪ್ಪು ತೋಂಟೇಶನದೇ. ಮದುವೆಯ ಹೊಸದರಲ್ಲಿ ಒಮ್ಮೆ, ಬರೀ ಮರ್ಯಾದೆಗಾಗಿ, “ಹಾಗಲಕಾಯಿ ಗೊಜ್ಜು ಅಂದ್ರೆ ನಿನ್ನ ಕೈಯಲ್ಲೇ ತಿನ್ನಬೇಕು” ಎಂದಿದ್ದ. ಹುಟ್ಟಿದಾಗಿನಿಂದ ಹಾಗಲಕಾಯಿ ಕಂಡರಾಗದ ಮನುಷ್ಯ, ಆ ಒಂದು ಮಾತಿಗೆ ಹನ್ನೊಂದು ವರ್ಷದಿಂದ ಪ್ರತಿ ಬುಧವಾರ ಶಿಕ್ಷೆ ಅನುಭವಿಸುತ್ತಿದ್ದ.

“ಮಾರಾಟ ಆಗ್ಲಿಲ್ಲ ಅಂದ್ರೂ ಬೇಜಾರಿಲ್ಲ ರೀ. ನಿಮಗಂತೂ ಪ್ರಾಣ. ದಿನಾ ಊಟಕ್ಕೆ ಹಾಕಿ ಖಾಲಿ ಮಾಡಿದ್ರಾಯ್ತು” ಎಂದಳು ವಿಶಾಲಾಕ್ಷಿ. ಹಾಗೆನ್ನುತ್ತಲೇ ಚೀಟಿಗಳ ಅಂಚನ್ನು ಇನ್ನೊಮ್ಮೆ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬಾಟಲಿಗಳು ವಾಪಸು ಬರಕೂಡದು ಎಂದು ತೋಂಟೇಶ ನಿಶ್ಚಯಿಸಿದ. ಅರ್ಧ ಅವಳ ಮುಖಕ್ಕಾಗಿ, ಅರ್ಧ ತನ್ನ ನಾಲಿಗೆಗಾಗಿ.

ಮೆಟ್ಟಿಲಲ್ಲೇ ಮೇಲಿನ ಮನೆಯ ಅನ್ನದಾನಯ್ಯ ತಡೆದರು. ಗದಗಿನವರು, ರೈಲ್ವೆ ನೌಕರರು. ಯಾರ ಚೀಲ ಕಂಡರೂ ಒಳಗೇನಿದೆ ಎಂದು ನೋಡದೆ ಬಿಡುವವರಲ್ಲ.

“ತಮ್ಮಾ, ಸರಕು ಮುಖ್ಯ ಅಲ್ಲ, ಯಾರಿಗೆ ಮಾರ್ತಿ ಅನ್ನೂದು ಮುಖ್ಯ. ಅದಕ್ಕ ಟಾರ್ಗೆಟ್ ಆಡಿಯನ್ಸ್ ಅಂತಾರ. ನಮ್ಮ ಕಡೆಯಿಂದ ಯಾತ್ರಿಗೆ ಬಂದ ಮಂದೀನ ಹಿಡಿ. ಎಂಟು ದಿನದಿಂದ ಪೂರಿ-ಆಲೂ, ಆಲೂ-ಪೂರಿ. ಗೊಜ್ಜು ಅಂದ್ರ ಅತ್ತಬಿಡ್ತಾರ!”

ಬಂಗಾಲಿ ಟೋಲಾದ ಲಾಡ್ಜಿನಲ್ಲಿ ತಿಪಟೂರಿನ ಒಂದು ಬಸ್ಸಿನ ಜನ ಒದ್ದೆ ಸೀರೆ ಹರವುತ್ತಿದ್ದರು. “ಗೊಜ್ಜು” ಎಂಬ ಮಾತು ಬಿದ್ದದ್ದೇ ತಡ, ಅವರ ಯಜಮಾನಿ ತುಳಸಮ್ಮ ಕೂಗಿದರು: “ಬನ್ರೇ ಎಲ್ಲಾರೂ, ನಮ್ಮ ಕಡೆ ಹುಡುಗ ಗೊಜ್ಜು ತಂದವ್ನೆ!” ಕ್ಷಣದಲ್ಲಿ ಮೂವತ್ತು ಜನ ಮುತ್ತಿದರು.

“ಯಾವುದ್ರದ್ದಪ್ಪಾ?”

“ಹಾಗಲಕಾಯೀದು ಅಮ್ಮ.”

ಚಂದಾ ಪುಸ್ತಕ ಕಂಡವರಂತೆ ಗುಂಪು ಸಡಿಲವಾಯಿತು.

“ಅಯ್ಯೋ ನನ್ನಪ್ಪ, ಕಾಶಿಗೆ ಬಂದ್ಮೇಲೆ ಒಂದು ಹಣ್ಣು, ಒಂದು ತರಕಾರಿ ಬಿಡ್ಬೇಕಲ್ವಾ? ಈಗ ತಾನೆ ಗಂಗೇಲಿ ಹಾಗಲಕಾಯಿ ಬಿಟ್ಟು ಬಂದ್ವಿ.”

“ಎಲ್ಲರೂ ಅದನ್ನೇನಾ?”

“ಮತ್ತೆ? ಬದನೇಕಾಯಿ ಬಿಟ್ಟು ಬದುಕಕ್ಕಾಯ್ತದಾ?”

ತೋಂಟೇಶ ಕೊನೆಯ ಪ್ರಯತ್ನ ಮಾಡಿದ. “ತಿನ್ನಬೇಡಿ, ರುಚಿ ನೋಡಿ ಸಾಕು. ರುಚಿ ನೋಡೋದು ತಿಂದ ಹಾಗಲ್ಲ.”

“ಗಂಗಮ್ಮನಿಗೇ ಕಾನೂನು ಹೇಳ್ಕೊಡ್ತೀಯಾ?” ಎಂದು ತುಳಸಮ್ಮ ನೋಡಿದ ನೋಟಕ್ಕೆ ಅವನ ಕೈ ತಾನಾಗಿ ಮುಚ್ಚಳ ಮುಚ್ಚಿತು.

ನಡೆದದ್ದನ್ನೆಲ್ಲ ಫೋನಿನಲ್ಲಿ ಅನ್ನದಾನಯ್ಯನವರಿಗೆ ಒಪ್ಪಿಸಿದ. “ರುಚಿ ನೋಡೂದು ತಿಂದಂಗಲ್ಲ ಅಂದೇನು? ಭಾಳ ಛಲೋ ಮಾತು!” ಎಂದು ಅವರು ಮೆಚ್ಚಿದರು. “ಮಂದಿ ಸರಿ ಅದಾರ, ವೇಳ್ಯಾ ತಪ್ಪೇತಿ. ಬಿಟ್ಟವರ ಹತ್ರ ಹೋದ್ರ ಹೆಂಗೋ? ಬಿಡೂಕಿಂತ ಮೊದಲ ಹಿಡಿ. ಘಾಟಿಗೆ ನಡಿ!”

ಕೇದಾರ ಘಾಟಿನಲ್ಲಿ ದಾವಣಗೆರೆ ಕಡೆಯ ತಂಡವೊಂದು ಮೊಣಕಾಲು ನೀರಿನಲ್ಲಿ ನಿಂತಿತ್ತು. ಎದುರಿಗೆ ಪಂಡಾ ತಿವಾರಿ. ಮೂರು ತಲೆಮಾರಿನಿಂದ ನಮ್ಮವರಿಗೇ ಸಂಕಲ್ಪ ಮಾಡಿಸಿ ಕನ್ನಡ ಕಲಿತ ಮನೆತನ.

“ಏನು ಬಿಡ್ತೀರಿ, ಯಜಮಾನ್ರೇ?”

ಮುಂದೆ ನಿಂತಿದ್ದ ನಿವೃತ್ತ ಹೆಡ್‌ಮಾಸ್ಟರ್ ಮಂಜಪ್ಪ ಬಾಯಿ ತೆರೆದರು. ಮಾತು ಹೊರಬರುವ ಮೊದಲು ತೋಂಟೇಶನ ಚಮಚ ಒಳಹೋಯಿತು.

ಮಂಜಪ್ಪ ಕಣ್ಣು ಮುಚ್ಚಿದರು. “ಹಾಗಲಕಾಯಾ? ಅರವತ್ತೆಂಟು ವರ್ಷ ಇದನ್ನ ಬೈಕಂಡು ಬದುಕಿದ್ನಲ್ಲಪ್ಪಾ! ಇನ್ನೊಂದು ಚಮಚ ಕೊಡು.”

ತಂಡದವರೆಲ್ಲ ಕೈಯೊಡ್ಡಿದರು. ಒಂದು ಬಾಟಲಿ ಬರಿದಾಯಿತು. ತೋಂಟೇಶ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಂಜಪ್ಪ ಗಂಭೀರರಾದರು.

“ಹೆಂಗೂ ತಿನ್ನಲ್ಲ ಅಂತ ಹಾಗಲಕಾಯಿ ಬಿಟ್ಟು ಗಂಗೆಗೆ ಮೋಸ ಮಾಡ್ತಿದ್ದೆ. ಈಗ ಬಿಟ್ರೆ ಅದು ತ್ಯಾಗ. ತಿವಾರಿಯವ್ರೇ, ಹಾಗಲಕಾಯೀನೇ ಬರ್ಕಳ್ರಿ!”

ಹಿಂದಿನವರೂ ತುಟಿ ಸವರಿಕೊಳ್ಳುತ್ತ, ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರಾಗಿ ಹಾಗಲಕಾಯಿ ಬಿಟ್ಟರು. ಒಬ್ಬರೂ ಬಾಟಲಿ ಕೊಳ್ಳಲಿಲ್ಲ.

ತೋಂಟೇಶ ಚೀಲ ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಸಿದ. ತಿವಾರಿ ಬಂದು ಪಕ್ಕದಲ್ಲಿ ಕುಳಿತ.

“ಬಾಬೂಜಿ, ಜನ ನಗ್ತಾ ಕರೇಲಾ ಬಿಡೋದನ್ನ ಮೂವತ್ತು ವರ್ಷ ನೋಡಿದೀನಿ. ಅಳ್ತಾ ಬಿಟ್ಟಿದ್ದು ಇವತ್ತೇ. ದಕ್ಷಿಣೆನೂ ಹಾಗೇ ಕೈತುಂಬಾ ಬಂತು. ಸಬ್ ರಖ್ ದೀಜಿಯೇ, ಎಲ್ಲಾ ನಾನೇ ಕೊಳ್ತೀನಿ. ವಾರ ವಾರ ತನ್ನಿ. ಮೊದಲು ಒಂದು ಚಮಚ, ಆಮೇಲೆ ಸಂಕಲ್ಪ.”

ಗೊಜ್ಜಿಗೆ ತಕ್ಕ ಗಿರಾಕಿ ಕೊನೆಗೂ ಸಿಕ್ಕಿದ್ದ: ತಿನ್ನುವವನಲ್ಲ, ಬಿಟ್ಟವನೂ ಅಲ್ಲ, ಇನ್ನೇನು ಬಿಡಲಿರುವವನು. ಹಗುರಾದ ತೋಂಟೇಶನಿಗೆ ಇನ್ನೊಂದು ಹೊಳೆಯಿತು. ಪ್ಯಾಂಟು ಮಡಚಿ ನೀರಿಗಿಳಿದು, ತಿವಾರಿಯ ಸಾಕ್ಷಿಯಲ್ಲಿ, “ಇನ್ನು ಹಾಗಲಕಾಯಿ ತಿನ್ನುವುದಿಲ್ಲ” ಎಂದು ಬಿಟ್ಟ. ಹನ್ನೊಂದು ವರ್ಷದ ಬುಧವಾರಗಳು ಪ್ರವಾಹದಲ್ಲಿ ತೇಲಿಹೋದವು. ಗಂಗೆಯ ಮುಂದೆ ಹೆಂಡತಿ ತಾನೆ ಏನೆಂದಾಳು?

ಬರಿದಾದ ಚೀಲ ಕಂಡು ವಿಶಾಲಾಕ್ಷಿ ಬಾಗಿಲಲ್ಲೇ ಅತ್ತುಬಿಟ್ಟಳು. ತೋಂಟೇಶ ಘಾಟಿನಿಂದಲೇ ಫೋನು ಮಾಡಿ ಹೇಳಿದ್ದರಿಂದ, ಮುಂದಿನ ವಾರದ್ದೆಂದು ಆಗಲೇ ಒಲೆಯ ಮೇಲೆ ಇನ್ನೊಂದು ಪಾತ್ರೆ ಕುದಿಯುತ್ತಿತ್ತು. ಅನ್ನದಾನಯ್ಯ ಚಹಾಕ್ಕೆ ಬಂದು ಕುಳಿತಿದ್ದರು.

“ನೀವು ಹೋದ್ಮೇಲೆ ನಂಗೆ ತಡೀಲಿಲ್ಲ ರೀ” ಎಂದಳು ವಿಶಾಲಾಕ್ಷಿ. “ಗಂಗೇಲಿ ಮುಳುಗಿ, ನಿಮ್ಮ ಕೈಯಲ್ಲಿ ಎಲ್ಲಾ ಮಾರಾಟ ಆಗ್ಲಿ ಅಂತ, ನಂಗೆ ಪ್ರಾಣ ಆದದ್ದನ್ನೇ ಬಿಟ್ಟು ಬಂದೆ. ಹಾಗಲಕಾಯಿ! ನಾಲಿಗೆಗೂ ಸೋಕಿಸಲ್ಲ ಅಂದುಬಿಟ್ಟೆ. ಇನ್ಮೇಲೆ ಉಪ್ಪು-ಹುಳಿ ನೋಡೋರು ನೀವೇ.”

“ನಾನೂ ಬಿಟ್ಟು ಬಂದೆನಲ್ಲೇ” ಎಂದ ತೋಂಟೇಶ, ಮೆಲ್ಲಗೆ.

ವಿಶಾಲಾಕ್ಷಿಯ ಮುಖ ಬಾಡಿತು. “ಅಷ್ಟು ಇಷ್ಟ ಆದದ್ದನ್ನ, ನನಗೋಸ್ಕರ? ಮತ್ತೆ ರುಚಿ ನೋಡೋರ್ಯಾರು? ಅಂಕಲ್, ನೀವು?”

“ನನಗ ಸಕ್ರಿ ಕಾಯಿಲೆ ತಂಗಿ, ಗೊಜ್ಜಿನ್ಯಾಗ ಬೆಲ್ಲ ಇರತೈತಿ” ಎಂದ ಅನ್ನದಾನಯ್ಯ ತೋಂಟೇಶನತ್ತ ತಿರುಗಿದರು. “ನೀ ಏನಂತ ಹೇಳಿ ಬಿಟ್ಟಿ?”

“ತಿನ್ನೋದಿಲ್ಲ ಅಂತ.”

“ಅಷ್ಟ ಹೌದಿಲ್ಲೋ? ಹಂಗಾರ ಚಿಂತೀನ ಇಲ್ಲ. ರುಚಿ ನೋಡೂದು ತಿಂದಂಗಲ್ಲ. ನೀನ ಹೇಳೀಯಲ್ಲೋ, ಮುಂಜಾನೆ ಫೋನಿನ್ಯಾಗ!”

ವಿಶಾಲಾಕ್ಷಿಯ ಮುಖ ಮತ್ತೆ ಅರಳಿತು. ನಾಲ್ಕು ವರ್ಷದಲ್ಲಿ ತೋಂಟೇಶ ಆ ಮುಖವನ್ನು ಹಾಗೆ ಕಂಡಿರಲಿಲ್ಲ. ಏನೋ ಹೇಳಲೆಂದು ಅವನು ಬಾಯಿ ತೆರೆದ. ಸೌಟು ಬಂತು.

ಉಪ್ಪು ಸರಿಯಾಗಿತ್ತು.