ಷಡ್ಡಕನ ಕೋವಿ

ಎಲ್ಲಾ ಅನಾಹುತಕ್ಕೂ ಮೂಲ, ಹೋದ ವರ್ಷ ಮೆಲ್ಬರ್ನಿನಲ್ಲಿ ಷಡ್ಡಕ ಮಾಡಿಸಿದ ಒಂದು ಪೂಜೆ.

ಆ ಭಾನುವಾರ ಬೆಳಿಗ್ಗೆ ಬ್ಲ್ಯಾಕ್‌ಟೌನಿನ ತನ್ನ ಮನೆಯಲ್ಲಿ ಬದರಿನಾಥ ಕಾಫಿ ಲೋಟವನ್ನು ಬಾಯಿಗಿಟ್ಟಿದ್ದನಷ್ಟೆ. ಎದುರಿಗೆ ಕೂತಿದ್ದ ಮಾವ ಉತ್ತಯ್ಯನವರು ಮೀಸೆಯ ಎರಡೂ ತುದಿ ಸವರಿ, ಅಳಿಯನ ಮುಖ ಬಿಟ್ಟು ಫ್ರಿಜ್ಜಿನ ಕಡೆ ನೋಡುತ್ತ ಮಾತು ತೆಗೆದರು.

"ಇವತ್ತು ಕೈಲ್ ಪೊಳ್ದ್. ಹೋದ ವರ್ಷ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ನಮ್ಮ ಅಮೃತ ಕೋವಿ ಇಟ್ಟೇ ಪೂಜೆ ಮಾಡಿಸಿದ. ರೇಷ್ಮೆ ಹೊದಿಸಿ, ಹೂವು ಏರಿಸಿ, ಆಹಾ! ಇಲ್ಲಿ ಏನು ವ್ಯವಸ್ಥೆಯೋ, ಮೈಸೂರಿನವರನ್ನೇ ಕೇಳಬೇಕು."

ಮೈಸೂರಿನವರು ಎಂದರೆ ಬದರಿನಾಥನೇ. ಹತ್ತು ವರ್ಷದ ಹಿಂದೆ ಅವನು ಕೊಡಗಿನ ದೇಚಮ್ಮನನ್ನು ಪ್ರೀತಿಸಿ ಮದುವೆಯಾದ. ಕೈಲ್ ಪೊಳ್ದ್ ಕೊಡವರ ಆಯುಧ ಪೂಜೆ. ಕೋವಿಯನ್ನು ಒರೆಸಿ, ಹೂವಿಟ್ಟು ಪೂಜಿಸಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಮದುವೆಯಾದ ವರ್ಷ ಹೊಸ ಅಳಿಯನ ಕೈಗೂ ಕೋವಿ ಕೊಟ್ಟರು. ಅವನು ಎರಡೂ ಕಣ್ಣು ಮುಚ್ಚಿಕೊಂಡು ಹೊಡೆದ. ಕಾಯಿ ಇದ್ದಲ್ಲೇ ಇತ್ತು, ಪಕ್ಕದ ಮನೆಯ ನೀರಿನ ಟ್ಯಾಂಕು ಸೋರತೊಡಗಿತು. ಅಂದಿನಿಂದ ಮಾವನವರ ಬಾಯಲ್ಲಿ ಅವನು "ಮೈಸೂರಿನವರು". ಚಿಕ್ಕ ಅಳಿಯ ಅಮೃತ್ ಹಾಸನದವನು, ಕೋವಿ ಹಾರಿಸಿದವನೇ ಅಲ್ಲ, ಆದರೂ "ನಮ್ಮ ಅಮೃತ". ಈ ತಾರತಮ್ಯ ಬದರಿನಾಥನಿಗೆ ಹತ್ತು ವರ್ಷದಿಂದ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕಾಡುತ್ತಿತ್ತು. ಒಂದೇ ಒಂದು ಸಲ "ನಮ್ಮ ಬದರಿ" ಅನ್ನಿಸಿಕೊಂಡುಬಿಟ್ಟರೆ ಸಾಕು ಅವನಿಗೆ.

"ಅಪ್ಪಾ, ಚಾಕು, ಸ್ಕ್ರೂಡ್ರೈವರ್ ಇಟ್ಟು ಪೂಜೆ ಮಾಡಿದ್ರೆ ಆಗಲ್ವಾ?" ಎಂದಳು ದೇಚಮ್ಮ.

"ಸ್ಕ್ರೂಡ್ರೈವರಿಗೆ ಕೈ ಮುಗಿಯಲಿಕ್ಕೆ ನಾವೇನು ಫ್ರಿಜ್ ರಿಪೇರಿಯವರಾ ಮಗಳೇ?"

ಬದರಿನಾಥ ಲೋಟ ಕೆಳಗಿಟ್ಟ. ಇವತ್ತು ಸಂಜೆಯೊಳಗೆ ಈ ಮನೆಗೆ ಕೋವಿ ಬರಬೇಕು, ಅದೂ ಅಮೃತನದಕ್ಕಿಂತ ಒಳ್ಳೆಯ ಕೋವಿ. "ಹಾಲು ತರ್ತೀನಿ," ಎಂದು ಕಾರಿನ ಕೀ ಎತ್ತಿಕೊಂಡ. ಹಾಲಿನ ಎರಡು ಕ್ಯಾನು ಫ್ರಿಜ್ಜಿನಲ್ಲಿ ಇದ್ದವು.

ಕಾರಿನಲ್ಲಿ ಕೂತವನೇ ಅಮೃತನಿಗೆ ಫೋನು ಮಾಡಿ, ಪೂಜೆಗೆ ಕೋವಿ ಎಲ್ಲಿ ಸಿಕ್ಕಿತು ಎಂದು ಕೇಳಿದ.

"ಅಯ್ಯೋ ಬದ್ರಿ ಭಾವ, ಅದೇನ್ ಮಹಾ!" ಆ ಕಡೆಯಿಂದ ನಗು ಬಂತು. "ನೀವು ಕಂಪ್ಯಾರಿಸನ್ ಕಿಂಗ್ ಅಲ್ವಾ? ದೊಡ್ಡ ದೊಡ್ಡ ಸ್ಟೋರ್ಸ್ ನೋಡಿ. ಮನಸ್ಸಿದ್ರೆ ಸಿಗತ್ತೆ." ಅಷ್ಟೇ ಹೇಳಿ ಫೋನಿಟ್ಟ.

ಕಂಪ್ಯಾರಿಸನ್ ಕಿಂಗ್ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಕುಕ್ಕರಿನ ಗ್ಯಾಸ್ಕೆಟ್ ಕೊಳ್ಳಬೇಕಾದರೂ ಬದರಿನಾಥ ನಾಲ್ಕು ಅಂಗಡಿಯ ಬೆಲೆ ಪಕ್ಕಪಕ್ಕ ಬರೆಯದೆ ಪರ್ಸು ತೆಗೆದವನಲ್ಲ. ಮ್ಯಾಕ್ವೆರಿ ಪಾರ್ಕಿನ ಅವನ ಆಫೀಸಿನಲ್ಲಿ ಯಾರು ಹಾಸಿಗೆ ಕೊಂಡರೂ ಮೊದಲು ಅವನನ್ನು ಕೇಳುತ್ತಿದ್ದರು. ಸರಿ, ಫೋನಿನಲ್ಲಿ ಹುಡುಕಿದ. ಒಂದು ಪುಟ ಸಿಕ್ಕೇಬಿಟ್ಟಿತು! ಕೋವಿ ಕೊಳ್ಳಲು ದೊಡ್ಡ ಸ್ಪೋರ್ಟ್ಸ್ ಸ್ಟೋರುಗಳಲ್ಲಿ ಯಾವುದು ಮೇಲು, ಯಾವುದರಲ್ಲಿ ಸಾಮಾನು ಹೆಚ್ಚು, ಯಾವುದರ ಸಿಬ್ಬಂದಿಗೆ ತಿಳಿವಳಿಕೆ ಜಾಸ್ತಿ, ವಾಪಸು ತೆಗೆದುಕೊಳ್ಳುತ್ತಾರೋ ಇಲ್ಲವೋ, ಎಲ್ಲವೂ ಅಲ್ಲಿತ್ತು. ಬದರಿನಾಥನಿಗೆ ಖುಷಿಯಲ್ಲಿ ಬೆವರು ಬಂತು. ಆ ಪುಟ ಅಮೆರಿಕದ್ದು ಎಂಬ ಒಂದು ಸಣ್ಣ ವಿಷಯ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ.

ಆದರೂ ನಾಲ್ಕು ಜನರ ಅಭಿಪ್ರಾಯ ಇರಲಿ ಎಂದು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದ. "ಅರ್ಜೆಂಟ್. ಸಂಜೆಯೊಳಗೆ ಒಂದು ಗನ್ ಬೇಕು. ದೊಡ್ಡ ಸ್ಪೋರ್ಟ್ಸ್ ಸ್ಟೋರ್‌ಗಳಲ್ಲಿ ಯಾವುದು ಬೆಸ್ಟ್? ನಮ್ಮ ಮಾವನಿಗೆ ಮಾತ್ರ ಗೊತ್ತಾಗೋದು ಬೇಡ, ಸರ್‌ಪ್ರೈಸ್." ಹತ್ತಿರದ ದೊಡ್ಡ ಅಂಗಡಿಗೆ ಕಾರು ಓಡಿಸಿ, ಫೋನನ್ನು ಚಾರ್ಜಿಗೆ ಹಾಕಿ ಕಾರಿನಲ್ಲೇ ಬಿಟ್ಟು ಒಳಗೆ ನುಗ್ಗಿದ.

ಮೂರೇ ದಿನದ ಹಿಂದೆ, ಬಳಗದ ಅಧ್ಯಕ್ಷ ಗುರುಶಾಂತಪ್ಪನವರ ಮನೆಯಲ್ಲಿ ಒಬ್ಬಟ್ಟು ತಿನ್ನುತ್ತ, "ಮಾವ ಬಂದು ಐದು ತಿಂಗಳಾಯ್ತು ಸಾರ್, ಅಡುಗೆಮನೆ ತುಂಬಾ ಹಂದಿ ಮಾಂಸದ ವಾಸನೆ, ತಲೆ ಕೆಟ್ಟುಹೋಗಿದೆ," ಎಂದು ಅವನು ಗೋಳಾಡಿದ್ದ. ಅದನ್ನು ಅವನು ಮರೆತಿದ್ದ. ಗುರುಶಾಂತಪ್ಪನವರು ಮರೆತಿರಲಿಲ್ಲ.

ಮೊದಲ ಅಂಗಡಿ ಒಂದು ಮೈದಾನದಷ್ಟಿತ್ತು. ಆ ಭಾನುವಾರವೇ ಫಾದರ್ಸ್ ಡೇ ಆಗಿದ್ದರಿಂದ ಎಲ್ಲೆಲ್ಲೂ ಬಲೂನು. ಬದರಿನಾಥ ಕೌಂಟರಿನ ಹುಡುಗಿಯ ಬಳಿ ಹೋಗಿ, ಕೋವಿಯ ವಿಭಾಗ ಯಾವ ಕಡೆ ಎಂದು ಕೇಳಿದ. ಅವನ "ಗನ್" ಅವಳ ಕಿವಿಗೆ "ಕ್ಯಾನ್" ಆಗಿ ಬಿದ್ದು, ಅವಳು ನೀರು ಕುಡಿಯುವ ಬಾಟಲಿಯ ವಿಭಾಗ ತೋರಿಸಿದಳು. ಅವನು ಎರಡೂ ಕೈ ಎತ್ತಿ, ಒಂದು ಕಣ್ಣು ಮುಚ್ಚಿ, ಗುರಿ ಇಟ್ಟು ತೋರಿಸಿದ. ಹತ್ತಿರ ಯೋಗದ ಚಾಪೆ ಆರಿಸುತ್ತಿದ್ದ ಹೆಂಗಸು ಚಾಪೆಯ ಹಿಂದೆ ಕುಳಿತುಬಿಟ್ಟಳು.

"ಫಾದರ್ಸ್ ಡೇಗಾ?" ಎಂದು ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ಕೇಳಿದಳು.

"ಫಾದರ್ ಇನ್ ಲಾ," ಎಂದ ಬದರಿನಾಥ ಹಲ್ಲು ಬಿಟ್ಟು.

ಅವಳು ಮ್ಯಾನೇಜರನ್ನು ಕರೆದಳು. ಮ್ಯಾನೇಜರು ಬಹಳ ಮರ್ಯಾದೆಯಿಂದ ಅವನನ್ನು ಬಾಗಿಲಿನವರೆಗೂ ಕಳಿಸಿಕೊಟ್ಟ. ಬಾಗಿಲಿನಲ್ಲಿ ನಿಂತೂ ಬದರಿನಾಥ, "ಬೇರೆ ಕಡೆ ಕಡಿಮೆಗೆ ಸಿಕ್ಕರೆ ಪ್ರೈಸ್ ಮ್ಯಾಚ್ ಮಾಡ್ತೀರಾ?" ಎಂದು ಕೇಳದೆ ಬರಲಿಲ್ಲ.

ಎರಡನೆಯದು ಟೆಂಟು, ದೋಣಿ, ಮೀನಿನ ಗಾಳ ಮಾರುವ ಮತ್ತೊಂದು ದೊಡ್ಡ ಚೈನು. ಅಲ್ಲಿನ ಗಡ್ಡದಾತ ಸಜ್ಜನ. ಬದರಿನಾಥನ ಹೊಳೆಯುವ ಕಣ್ಣು ನೋಡಿ ಅನುಕಂಪದಿಂದ ಬಿಡಿಸಿ ಹೇಳಿದ. ಅಣ್ಣಾ, ಇದು ಅಮೆರಿಕ ಅಲ್ಲ. ನಮ್ಮಂಥ ಕಡೆ ಕೋವಿ ಇರಲ್ಲ. ಅದಕ್ಕೆ ಬೇರೆ ಡೀಲರುಗಳಿದ್ದಾರೆ. ಮೊದಲು ಕೋರ್ಸು, ಆಮೇಲೆ ಲೈಸೆನ್ಸು, ಆಮೇಲೆ ಪ್ರತಿ ಕೋವಿಗೂ ಪರ್ಮಿಟ್ಟು, ತಿಂಗಳುಗಟ್ಟಲೆ ಕಾಯಬೇಕು. ಯಾಕೆ ಬೇಕು ಅನ್ನುವುದಕ್ಕೆ ಸರಿಯಾದ ಕಾರಣವನ್ನೂ ತೋರಿಸಬೇಕು.

"ಪೂಜೆಗೆ," ಎಂದ ಬದರಿನಾಥ.

"ಆ ಕಾರಣ ನಾನಂತೂ ಕೇಳಿಲ್ಲ," ಎಂದ ಗಡ್ಡದಾತ.

ಬದರಿನಾಥನ ಉತ್ಸಾಹ ಕುಗ್ಗಿತು, ಹಠ ಕುಗ್ಗಲಿಲ್ಲ. ಹಾಗಾದರೆ ಅಮೃತ ಹೇಗೆ ತಂದ? ಅವನಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಬಾರದು? ಮೂರನೆಯ ಅಂಗಡಿಯ ಆಟಿಕೆಯ ಸಾಲಿಗೆ ಬಂದ. ನಿಜದ ಕೋವಿಯ ಹಾಗೆ ಕಾಣುವ ಆಟಿಕೆಯನ್ನೂ ಇಲ್ಲಿ ಮಾರುವಂತಿಲ್ಲ ಎಂದು ಅಲ್ಲಿ ತಿಳಿಯಿತು. ಇದ್ದದ್ದು ನೀರು ಚಿಮ್ಮಿಸುವ ಪಿಚಕಾರಿಗಳು. ಎಲ್ಲಕ್ಕಿಂತ ಉದ್ದನೆಯದನ್ನು ಆರಿಸಿದ. ಗಿಳಿಹಸಿರು ಮೈ, ಕಿತ್ತಳೆ ಮೂತಿ, ಬೆನ್ನ ಮೇಲೆ ಡೈನೋಸಾರ್. ಅದಕ್ಕೂ ಎರಡು ಕಡೆಯ ಬೆಲೆ ವಿಚಾರಿಸಿಯೇ ಕೊಂಡ.

ಕಾರಿಗೆ ಬಂದು ಫೋನು ನೋಡಿದರೆ ಗುಂಪು ಹೊತ್ತಿ ಉರಿಯುತ್ತಿತ್ತು. "ಬದರಿ, ದುಡುಕಬೇಡಿ." "ಮಾವ ಅಂದ್ರೆ ತಂದೆ ಸಮಾನ." "ಧ್ಯಾನ ಮಾಡಿ, ನಾನು ವಿಡಿಯೋ ಕಳಿಸ್ತೀನಿ." ಒಬ್ಬರು ತಮ್ಮ ವಕೀಲರ ನಂಬರು ಹಾಕಿದ್ದರು. ಯಾರೋ ಒಬ್ಬರು, "ಹಂದಿ ಮಾಂಸಕ್ಕೆ ಇಷ್ಟೊಂದಾ?" ಎಂದು ಕೇಳಿದ್ದರು. ಬದರಿನಾಥ "ಪೂಜೆಗೆ ರೀ! ಪೂಜೆಗೆ!" ಎಂದು ಬರೆದು ಮನೆ ಕಡೆ ಕಾರು ಓಡಿಸಿದ.

ಮನೆಯ ಹಾಲ್‌ನಲ್ಲಿ ಉತ್ತಯ್ಯನವರು ಸೋಫಾದ ನಡುವೆ ಕೂತಿದ್ದರು. ಅವರ ಬಲಕ್ಕೆ ಗುರುಶಾಂತಪ್ಪನವರು, ಎಡಕ್ಕೆ ಅವರ ಹೆಂಡತಿ ನೀಲಾಂಬಿಕಾ, ಇಬ್ಬರೂ ಕೋಟೆ ಕಾವಲಿನವರ ಹಾಗೆ ಒತ್ತಿ ಕೂತಿದ್ದರು. ಟೀಪಾಯಿಯ ಮೇಲೆ ಬಿಸಿಬೇಳೆಬಾತಿನ ಡಬ್ಬಿ ಇತ್ತು.

"ಬದ್ರೀ, ಕೈಯಲ್ಲಿರೋದು ಕೆಳಗಿಡ್ರಿ," ಎಂದು ಗುರುಶಾಂತಪ್ಪನವರು ಎದ್ದು ನಿಂತರು. "ಮಾತಾಡಿ ಬಗೆಹರಿಸೋಣಂತೆ."

"ಸಾರ್, ಇದು ಪಿಚಕಾರಿ!"

ಕವರಿನಿಂದ ಡೈನೋಸಾರ್ ತಲೆ ಹೊರಗೆ ಹಾಕಿತು. ಬದರಿನಾಥ ಎಲ್ಲವನ್ನೂ ವಿವರಿಸಿದ. ಗುರುಶಾಂತಪ್ಪನವರು ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿಲ್ಲ ಅಂದರೆ ಉತ್ತಯ್ಯನವರು ಒಬ್ಬರೇ. ಅವರು ಪಿಚಕಾರಿಯನ್ನು ತಿರುಗಿಸಿ ತಿರುಗಿಸಿ ನೋಡಿ ಟೀಪಾಯಿಯ ಮೇಲಿಟ್ಟರು.

"ಪರವಾಗಿಲ್ಲ ಮೈಸೂರಿನವರೇ. ಚಾಕುವನ್ನೇ ಇಡುವ."

ದೇಚಮ್ಮ ಅಡುಗೆಮನೆಯಿಂದ ಕೂಗಿದಳು. "ಚಾಕು ಎಲ್ಲಿ? ಈಳಿಗೆಮಣೆನೂ ಕಾಣ್ತಿಲ್ಲ!"

ನೀಲಾಂಬಿಕಾ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ನಾನೇ ಕಣಮ್ಮ. ಯಾವುದಕ್ಕೂ ಇರಲಿ ಅಂತ ಎಲ್ಲಾ ಸೇರಿಸಿ ನಮ್ಮ ಮಗ ಬಸವಣ್ಣೆಪ್ಪನ ಕೈಲಿ ನಮ್ಮನೆಗೆ ಕಳಿಸಿಬಿಟ್ಟೆ. ಅವನು ಅದನ್ನೆಲ್ಲಾ ಕಾರಲ್ಲೇ ಇಟ್ಕೊಂಡು ಹಾಗೇ ಕೆಲಸಕ್ಕೆ ಹೋಗಿದಾನೆ."

ಹೀಗೆ ಆಯುಧ ಪೂಜೆಯ ದಿನ ಆ ಮನೆಯಲ್ಲಿ ಒಂದು ಹಣ್ಣು ಕತ್ತರಿಸುವ ಚೂರಿಯೂ ಇಲ್ಲದಂತಾಯಿತು. ಬದರಿನಾಥನ ಮುಖ ಇಂಗು ತಿಂದ ಮಂಗನ ಮುಖವಾಯಿತು. ಸಾಲದ್ದಕ್ಕೆ ದೇಚಮ್ಮ ಅವನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ತಂಗಿ ಈಗ ಫೋನ್ ಮಾಡಿದ್ಲು. ಹೋದ ವರ್ಷ ಅಮೃತ್ ಇಟ್ಟಿದ್ದು ಕೋವಿ ಅಲ್ವಂತೆ. ಉದ್ದ ಛತ್ರಿ! ರೇಷ್ಮೆ ಸುತ್ತಿ, ಹೂವು ಮುಚ್ಚಿ ಇಟ್ಟುಬಿಟ್ಟಿದ್ನಂತೆ."

ಛತ್ರಿ! ಬದರಿನಾಥನ ರಕ್ತ ಕುದಿಯಿತು, ಜೊತೆಗೆ ಎದೆಯೂ ಅರಳಿತು. ಹತ್ತು ವರ್ಷದ ಅವಮಾನಕ್ಕೆ ಈಗ ಒಂದೇ ಮಾತಿನಲ್ಲಿ ಮದ್ದು. ಅವನು ಗಂಟಲು ಸರಿಮಾಡಿಕೊಂಡು, "ಮಾವ," ಎಂದ.

ಅಷ್ಟರಲ್ಲಿ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಇಬ್ಬರು ಪೊಲೀಸರು, ಒಬ್ಬ ಎತ್ತರದ ಗಂಡಸು, ಒಬ್ಬ ಹೆಂಗಸು. ಈ ಮನೆಯ ಹಿರಿಯರ ಯೋಗಕ್ಷೇಮ ವಿಚಾರಿಸಲು ಯಾರೋ ಫೋನು ಮಾಡಿದ್ದರಂತೆ. ಬದರಿನಾಥ ಪಿಚಕಾರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆಂದು ಹೊಳೆದು, ಮತ್ತೆ ಮುಂದೆ ತಂದು, ಎರಡು ಕೈಯಲ್ಲೂ ಹಿಡಿದು ಸಮರ್ಪಿಸಿದ. ಪೊಲೀಸಾಕೆ ತುಟಿ ಕಚ್ಚಿ ನಗು ತಡೆದಳು. ಆದರೂ ನಿಯಮ ನಿಯಮವೇ, ಹಿರಿಯರನ್ನು ನೇರವಾಗಿ ಕೇಳಬೇಕು ಎಂದಳು. ಇಂಗ್ಲಿಷು ಬಾರದ ಉತ್ತಯ್ಯನವರಿಗೆ ಮೊಮ್ಮಗಳು ಆದ್ಯಾ ದುಭಾಷಿಯಾದಳು.

"ತಾತ, ನಿಮಗೆ ಈ ಮನೇಲಿ ಭಯ ಇದ್ಯಾ ಅಂತ ಕೇಳ್ತಿದಾರೆ."

ಉತ್ತಯ್ಯನವರಿಗೆ ಪ್ರಶ್ನೆ ಕಿವಿಗೇ ಬೀಳಲಿಲ್ಲ. ಅವರ ಕಣ್ಣು ಪೊಲೀಸಾಕೆಯ ಸೊಂಟದ ಮೇಲೆ ನೆಟ್ಟುಹೋಗಿತ್ತು. ಮೀಸೆ ನಿಧಾನವಾಗಿ ಮೇಲೇರಿತು.

"ಮಗಾ, ಅದು ನಿಜವಾದ್ದಾ ಕೇಳು."

"ಈಸ್ ಯುವರ್ ಗನ್ ರಿಯಲ್?" ಎಂದಳು ಆದ್ಯಾ.

ನಿಜವಾದ್ದೇ ಎಂದು ಗೊತ್ತಾದದ್ದೇ ತಡ, ಎಂಬತ್ತರ ಹತ್ತಿರದ ಮುದುಕರು ಹುಡುಗನ ಹಾಗೆ ಎದ್ದರು. "ದೇಚೂ, ದೀಪ ಹಚ್ಚು! ಹೂವು ತಾ! ಅವರಿಗೆ ಬೂಟು ಬಿಚ್ಚಲಿಕ್ಕೆ ಹೇಳು!" ಪಿಸ್ತೂಲನ್ನು ತೆಗೆಯುವ ಹಾಗಿಲ್ಲ ಎಂದಳು ಪೊಲೀಸಾಕೆ ಗಾಬರಿಯಿಂದ. ತೆಗೆಯುವುದು ಬೇಡ, ನಿಂತರೆ ಸಾಕು ಎಂದು ದೇಚಮ್ಮ ವಿವರಿಸಿದಳು. ಪೊಲೀಸರಿಬ್ಬರೂ ಮುಖ ಮುಖ ನೋಡಿಕೊಂಡು, ಕೊನೆಗೆ ಬೂಟು ಬಿಚ್ಚಿ, ಕಾಲುಚೀಲದಲ್ಲಿ ದೇವರ ಕಪಾಟಿನ ಮುಂದೆ ನಿಂತರು.

ಎಂಥ ಪೂಜೆ ಅದು! ಕೊಡಗಿನಲ್ಲಿ ಕೋವಿಗೆ ಇಡುವ ತೋಕ್ ಪೂ ಸಿಗದೆ, ಅಂಗಳದ ಕೆಂಪು ಬಾಟಲ್‌ಬ್ರಷ್ ಹೂವನ್ನೇ ಉತ್ತಯ್ಯನವರು ಪಿಸ್ತೂಲಿಗೆ ಕೈ ತಾಗಿಸದೆ ಇಬ್ಬರ ಪಾದದ ಬಳಿ ಇಟ್ಟರು. ದೂರದಿಂದಲೇ ಅಕ್ಷತೆ ಹಾಕಿದರು. ಆರತಿ ಎರಡು ಸೊಂಟಗಳ ಮುಂದೆ ಸುತ್ತಿತು. ಗುರುಶಾಂತಪ್ಪನವರು ಗಂಟೆ ಬಾರಿಸಿದರು, ನೀಲಾಂಬಿಕಾ ಹಾಡು ಹೇಳಿದರು. ಎತ್ತರದ ಪೊಲೀಸು ಕುಂಕುಮ ಹಚ್ಚಿಸಿಕೊಂಡು, ಎರಡು ಸಲ ಬಿಸಿಬೇಳೆಬಾತು ಬಡಿಸಿಕೊಂಡ. ಉತ್ತಯ್ಯನವರ ಕಣ್ಣಲ್ಲಿ ನೀರು. ಅದನ್ನು ನೋಡಿ ಬದರಿನಾಥನ ಕಣ್ಣಲ್ಲೂ ನೀರು. ಗೆದ್ದೆ ಎಂದುಕೊಂಡ. ನನ್ನ ಮನೆಯಲ್ಲಿ, ನನ್ನ ದೆಸೆಯಿಂದ, ಒಂದಲ್ಲ ಎರಡು ನಿಜವಾದ ಕೋವಿ!

ಪೊಲೀಸರು ಕೈ ಮುಗಿದು ಹೊರಟ ಮೇಲೆ ಉತ್ತಯ್ಯನವರು ಅಳಿಯನ ಕಡೆ ತಿರುಗಿದರು. ಭುಜದ ಮೇಲೆ ಕೈ ಇಟ್ಟರು. "ನಮ್ಮ..." ಎಂದರು.

ಅಷ್ಟಕ್ಕೆ ಅವರ ಫೋನು ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು.

"ಮಾವ, ಹುಷಾರಾಗಿದೀರಾ?" ಗ್ಲೆನ್ ವೇವರ್ಲಿಯಿಂದ ಅಮೃತನ ದನಿ ಮನೆಯೆಲ್ಲಾ ತುಂಬಿತು. "ಬದ್ರಿ ಭಾವನ ಮೆಸೇಜ್ ಯಾರೋ ನನಗೆ ಕಳಿಸಿದ್ರು, ಎದೆ ಒಡೆದುಹೋಯ್ತು. ಪೊಲೀಸ್ ಬಂದ್ರಾ? ನಾನೇ ಫೋನ್ ಮಾಡಿ ಕಳಿಸಿದ್ದು."

ಉತ್ತಯ್ಯನವರ ಕೈ ಬದರಿನಾಥನ ಭುಜದಿಂದ ಜಾರಿತು.

"ನೀನಾ ಕಳಿಸಿದ್ದು? ಮೆಲ್ಬರ್ನಿನಲ್ಲಿ ಕೂತು? ಅಯ್ಯೋ ನಮ್ಮ ಅಮೃತಾ! ಎರಡು ಕೋವಿ ಮಾರಾಯ, ಎರಡೂ ನಿಜವಾದ್ದು!"

ಕೋವಿ ಪೂಜೆಗೇ ಎಂದು ಬೆಳಿಗ್ಗೆಯೇ ಗೊತ್ತಿದ್ದೂ ಅಮೃತನ ಈ ನಾಟಕ! ಬದರಿನಾಥನಿಗೆ ಇನ್ನು ತಡೆಯಲಾಗಲಿಲ್ಲ. "ಮಾವ, ಹೋದ ವರ್ಷ ಅವನು ಇಟ್ಟಿದ್ದು ಕೋವಿ ಅಲ್ಲ, ಛತ್ರಿ! ರೇಷ್ಮೆ ಸುತ್ತಿದ ಛತ್ರಿ!" ಎಂದು ಕಿರುಚಿದ.

"ಗೊತ್ತು," ಎಂದರು ಉತ್ತಯ್ಯನವರು ತಣ್ಣಗೆ. "ನಾನು ಐವತ್ತು ವರ್ಷ ಕೋವಿ ಹಿಡಿದವ, ಛತ್ರಿ ಗೊತ್ತಾಗುವುದಿಲ್ಲವಾ? ಪಾಪ, ಅದೇ ಅವನ ಮನಸ್ಸಿನಲ್ಲಿ ಕೊರೆದಿರಬೇಕು. ನೆನಪಿಟ್ಟುಕೊಂಡು ಈ ವರ್ಷ ನಿಜವಾದ್ದೇ ಕಳಿಸಿದ ನೋಡಿ. ಅಳಿಯ ಅಂದರೆ ಅದು."

ಆದ್ಯಾ ಅಷ್ಟರಲ್ಲಿ ಪಿಚಕಾರಿಗೆ ನೀರು ತುಂಬಿ, ಅಪ್ಪನ ಅಂಗಿಗೆ ಗುರಿ ಇಟ್ಟು ಹೊಡೆದಳು. ಒಂದೇ ಏಟಿಗೆ ಎದೆಯ ಮೇಲೆ ಬಿತ್ತು. "ಶಹಬ್ಬಾಸ್, ಇವಳು ನಮ್ಮ ಕಡೆಯವಳೇ!" ಎಂದು ತಾತ ಚಪ್ಪಾಳೆ ತಟ್ಟಿದರು. ಆಮೇಲೆ ಏನೋ ನೆನಪಾಗಿ ಅಳಿಯನನ್ನು ಹತ್ತಿರ ಕರೆದರು.

"ಮೈಸೂರಿನವರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಮ್ಮ ಅಮೃತನಿಗೆ ಏನಾದರೂ ಉಡುಗೊರೆ ಕಳಿಸುವ ಅಂತ. ನೀವು ಅಂಗಡಿ ಅಂಗಡಿ ಹೋಲಿಸಿ ನೋಡುವುದರಲ್ಲಿ ಗಟ್ಟಿಗರಂತೆ. ನಾಳೆ ಹೋಗಿ, ಯಾವ ದೊಡ್ಡ ಸ್ಟೋರಿನಲ್ಲಿ ಒಳ್ಳೆಯ ಛತ್ರಿ ಸಿಗುತ್ತದೆ, ಸ್ವಲ್ಪ ನೋಡಿಕೊಂಡು ಬನ್ನಿ."