ಬ್ಯಾಟರಿ ಕಿತ್ತರೂ ಕೂಗುವ ಯಂತ್ರದ ಬಗ್ಗೆ

ಮಾನ್ಯರೇ,

ಊಟದ ಪಂಪು ತಯಾರಿಸುವ ಘನ ಸಂಸ್ಥೆಯ ದೂರು ವಿಭಾಗದ ಮುಖ್ಯಸ್ಥರಾದ ತಮಗೆ, ಸದರಿ ಪಂಪನ್ನು ಕೋಟು ನೇತುಹಾಕುವ ಕಂಬಕ್ಕೆ ಕಟ್ಟಿಕೊಂಡು ಸಂಸಾರ ಮಾಡುತ್ತಿರುವ ಒಬ್ಬ ತಾಯಿಯ ಅನಂತ ನಮಸ್ಕಾರಗಳು. ಕಳೆದ ವಾರ ಹದಿನಾಲ್ಕು ಸಲ ಫೋನ್ ಮಾಡಿದಾಗಲೂ ತಾವು ಮೀಟಿಂಗಿನಲ್ಲೇ ಇದ್ದಿರೆಂದು ತಿಳಿದು, ತಮ್ಮ ಆರೋಗ್ಯಕ್ಕೇನೂ ಕುಂದಿಲ್ಲವೆಂದು ಸಮಾಧಾನಪಟ್ಟುಕೊಂಡಿದ್ದೇನೆ.

ಮೊದಲಿಗೆ ನನ್ನ ತಪ್ಪೊಪ್ಪಿಗೆ. ನಮ್ಮ ಏಳು ವರ್ಷದ ಮಗಳಿಗೆ ನುಂಗಲು ಬಾರದು, ಮಾತೂ ಬಾರದು. ಆದರೂ ಮಲಗಿದಲ್ಲಿಂದಲೇ ಮನೆಯನ್ನೆಲ್ಲ ಆಳುವುದರಿಂದ ಅವಳನ್ನು ದೊರೆಸಾನಿ ಎನ್ನುತ್ತೇವೆ. ಅವಳ ಹೊಟ್ಟೆಗೆ ಕೂರಿಸಿದ ನಳಿಕೆಯೊಳಗೆ ತಮ್ಮ ಪಂಪು ಆಹಾರವನ್ನು ಹನಿಹನಿಯಾಗಿ ಇಳಿಸುತ್ತದೆ. ನಳಿಕೆ ಮಡಚಿಕೊಂಡರೆ ಮೂರು ಸಲ ‘ಕುಂಯ್’ ಎನ್ನುತ್ತದೆ. ದಾರಿ ಕಟ್ಟಿದೆ, ಕೂಡಲೇ ಗಮನಿಸಿ ಎಂಬುದು ಇದರ ಅರ್ಥವೆಂದು ತಮ್ಮ ಕೈಪಿಡಿಯ ನಲವತ್ತನೆಯ ಪುಟದಲ್ಲಿದೆ, ಆ ಪುಟ ನನಗೆ ಬಾಯಿಪಾಠವಾಗಿದೆ.

ಕಳೆದ ಸೋಮವಾರದಿಂದ ಇದು ಸುಮ್ಮಸುಮ್ಮನೆ ಕೂಗತೊಡಗಿತು. ಸೋಪಿನ ಕೈಯಲ್ಲೇ ಓಡಿ ಬಂದು ನೋಡಿದರೆ ನಳಿಕೆ ನೆಟ್ಟಗಿದೆ, ಚೀಲ ತುಂಬಿದೆ, ಪರದೆ ‘ಎಲ್ಲ ಸರಿಯಿದೆ’ ಎನ್ನುತ್ತಿದೆ. ದಿನಕ್ಕೆ ಹತ್ತು ಹದಿನೈದು ಬಾರಿ ಇದೇ ಪಾಡು. ಬುಧವಾರ ಮಧ್ಯಾಹ್ನ ರೋಸಿಹೋಗಿ ಪಂಪಿನ ಬ್ಯಾಟರಿಯನ್ನೇ ಕಿತ್ತು, ಎಲ್ಲವನ್ನೂ ಅವಳ ಮಂಚದ ಮೇಲಿಟ್ಟು, ಒರೆಸುವ ಬಟ್ಟೆ ತರಲು ಆಚೆ ಹೋದೆ. ಬೆನ್ನ ಹಿಂದೆ ಕುಂಯ್, ಕುಂಯ್, ಕುಂಯ್. ಬುದ್ಧಿ ನೆಟ್ಟಗಿರುವವರು ಅಲ್ಲೇ ನಿಂತು ಯೋಚಿಸುತ್ತಿದ್ದರು. ನಾನು ತಮ್ಮ ಕಚೇರಿಗೆ ಫೋನ್ ಮಾಡಿ, ಬ್ಯಾಟರಿ ಕಿತ್ತರೂ ಕೂಗುತ್ತದೆ ಎಂದು ದೂರು ಬರೆಸಿದೆ.

ಮಾರನೆಯ ದಿನ ಮತ್ತೆ ಕೂಗು ಕೇಳಿ ಓಡಿ ಬಂದಾಗ, ಮಂಚದ ಪಕ್ಕ ಬಟ್ಟೆ ಮಡಚುತ್ತಿದ್ದ ನಮ್ಮ ಅತ್ತೆ, ತಲೆಯನ್ನೂ ಎತ್ತದೆ, ಮಿಷನ್‌ಗೆ ಏನೂ ಆಗಿಲ್ಲ ಕಣೇ, ನಿನ್ನ ಮಗಳ ಬಾಯಿ ನೋಡು ಅಂದರು. ನೋಡಿದೆ. ದೊರೆಸಾನಿ ತುಟಿ ಮುಂದೆ ಚಾಚಿ, ಶ್ರುತಿ ಚೂರೂ ತಪ್ಪದಂತೆ ಮೂರು ಸಲ ಕೂಗಿ, ನಾನು ಬಂದೆನೆಂದು ಕಿಸಕ್ಕನೆ ನಕ್ಕಳು. ಈ ಶಬ್ದ ಮಾಡಿದರೆ ಅಮ್ಮ ಓಡಿ ಬರುತ್ತಾಳೆಂದು ಅವಳು ಕಂಡುಕೊಂಡಿದ್ದಳು. ಏಳು ವರ್ಷದಲ್ಲಿ ಅವಳು ನನ್ನನ್ನು ಕರೆದದ್ದು ಅದೇ ಮೊದಲು, ಮತ್ತು ಮೂರು ದಿನವೂ ನಾನು ಓಡಿ ಬಂದು ಪಂಪಿನ ಮುಖ ನೋಡಿದ್ದೆ. ಅಂದು ನನಗೆ ಅಳುವೂ ಬಂತು, ನಾಚಿಕೆಯೂ ಆಯಿತು.

ದೂರನ್ನು ಹಿಂಪಡೆಯಲು ಕೂಡಲೇ ಫೋನ್ ಮಾಡಿದೆ. ತಮ್ಮ ಸಿಬ್ಬಂದಿಯ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ಕಂಪ್ಲೇಂಟ್ ವಾಪಸ್ ತಗೊಳ್ಳೋಕೆ ಬರಲ್ಲ ಮೇಡಂ, ಅಪಾಯಕಾರಿ ದೋಷ ಅಂತ ಆಗಲೇ ಎಂಟ್ರಿ ಆಗಿದೆ ಎಂದರು. ಶಬ್ದದ ಕಾರಣ ಹೇಳಿ ಎಂದು ಕೇಳಿ, ಪಟ್ಟಿಯಿಂದ ಧೂಳು, ನೀರು, ಇಲಿ ಎಂದು ಓದಿದರು. ಮಗಳು ಎಂದೆ, ಆ ಆಪ್ಷನ್ ಇಲ್ಲ ಎಂದರು. ಬರುವ ಗುರುವಾರ ಹತ್ತು ಗಂಟೆಗೆ ಪಂಪನ್ನು ಒಯ್ಯಲು ತಂತ್ರಜ್ಞರು ಬರುತ್ತಾರಂತೆ. ಇಪ್ಪತ್ತೊಂದು ದಿನ ಪರೀಕ್ಷೆ, ಬದಲಿ ಪಂಪು ಸದ್ಯಕ್ಕಿಲ್ಲ, ಅಲ್ಲಿವರೆಗೂ ಸ್ವಲ್ಪ ಸ್ವಲ್ಪ ಬಾಯಲ್ಲೇ ಕೊಡ್ತಿರಿ ಎಂಬ ಸಲಹೆ ಬೇರೆ. ಹಿಂದೊಮ್ಮೆ ಒಂದೇ ಒಂದು ಚಮಚ ಶ್ವಾಸಕೋಶಕ್ಕೆ ಇಳಿದು ಅವಳು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಈ ವಿಷಯಕ್ಕೂ ಅವರಲ್ಲಿ ಆಪ್ಷನ್ ಇರಲಿಲ್ಲ.

ಆದ್ದರಿಂದ ತಮ್ಮ ದೊಡ್ಡ ಮನಸ್ಸನ್ನು ನಂಬಿ ಕೇಳಿಕೊಳ್ಳುವುದೇನೆಂದರೆ, ಪಂಪಿನ ಜೊತೆ ದೊರೆಸಾನಿಯ ಹಸಿವನ್ನೂ ಒಯ್ದು, ಇಪ್ಪತ್ತೊಂದು ದಿನ ತಮ್ಮ ಗೋದಾಮಿನಲ್ಲಿ ಜೋಪಾನವಾಗಿಟ್ಟು, ರಸೀದಿ ಸಮೇತ ಹಿಂತಿರುಗಿಸಬೇಕು. ಅದು ಕಷ್ಟವೆನಿಸಿದರೆ ತಾವೇ ಒಮ್ಮೆ ಬಂದು, ಬಾಯಲ್ಲಿ ಕೊಡುವುದು ಹೇಗೆಂದು ಅವಳಿಗೆ ಕೊಟ್ಟು ತೋರಿಸಬೇಕು. ನಾನು ಪಕ್ಕದಲ್ಲಿ ಆಂಬುಲೆನ್ಸಿನ ನಂಬರ್ ಒತ್ತಿಕೊಂಡು ನಿಂತಿರುತ್ತೇನೆ. ಗುರುವಾರ ಹತ್ತು ಗಂಟೆಗೆ ಅವಳ ಊಟದ ಹೊತ್ತು. ಪಂಪು ಅವಳ ಹೊಟ್ಟೆಗೆ ಜೋಡಿಸಿಯೇ ಇರುತ್ತದೆ, ಬಾಗಿಲೂ ತೆರೆದಿರುತ್ತದೆ. ಬಿಚ್ಚಿಕೊಂಡು ಹೋಗುವ ಧೈರ್ಯವಿರುವವರನ್ನೇ ದಯವಿಟ್ಟು ಕಳುಹಿಸಿ.

ಪಂಪನ್ನು ಬಿಟ್ಟುಕೊಡದ, ಆದರೂ ತಮ್ಮ ವಿಶ್ವಾಸಿ,
ದೊರೆಸಾನಿಯ ಅಮ್ಮ

ಮರೆತ ಮಾತು: ಈ ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿ, ಇವರಿಗೆ ನೀನೇನಾದರೂ ಹೇಳಬೇಕೇ ಎಂದು ಕೇಳಿದೆ. ಮೂರು ಸಲ ಕೂಗಿದಳು. ಅರ್ಥವಾಗದಿದ್ದರೆ ತಮ್ಮದೇ ಕೈಪಿಡಿ, ಪುಟ ನಲವತ್ತು.