ಲೈಗೇಸೂ ನನ್ನ ಸೂಜಿಯೂ

ಹರಿದದ್ದು, ತುಂಡಾದದ್ದು ಕಣ್ಣಿಗೆ ಬಿದ್ದರೆ ಸುಮ್ಮನೆ ಕೂಡಲಾಗದ ರೋಗ ಕೆಲವು ಹೆಂಗಸರಿಗಿರುತ್ತದೆ. ನನಗದು ಕಾನ್ವೆಂಟಿನಲ್ಲಿ ಅಂಟಿತು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಾವು ಹಾಕಿದ ಹೂವನ್ನು ನೋಡುತ್ತಲೇ ಇರಲಿಲ್ಲ; ಬಟ್ಟೆ ಮಗುಚಿ ಹಿಂಬದಿ ನೋಡುವರು. ಗಂಟು ಕಂಡಿತೋ, ಎಲ್ಲ ಬಿಚ್ಚಬೇಕು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೂ ರೋಗ ವಾಸಿಯಾಗಲಿಲ್ಲ. ನೆರೆಮನೆಯವರ ಶೇಂಗಾ ಚೀಲದ ತೂತನ್ನೂ ಯಾರೂ ಕೇಳದೆ ಹೊಲಿದು ಕೊಟ್ಟವಳು ನಾನು.

ನಮ್ಮವರು ಇಲ್ಲಿಯ ಕಾಲೇಜಿನಲ್ಲಿ ಜೀವಶಾಸ್ತ್ರದ ಹಂಗಾಮಿ ಮಾಸ್ತರರು. ಕೆಲಸ ಕಾಯಂ ಆಗಬೇಕಾದರೆ ಆಡಳಿತ ಮಂಡಳಿಯ ಹಿರಿಯರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಹಿರಿಯರೆಂದರೆ ಹತ್ತಿ, ಶೇಂಗಾ, ಅರಿವೆಯ ವ್ಯಾಪಾರಸ್ಥರು. ನಮ್ಮವರು ಪಾಠಕ್ಕೆ ಆರಿಸಿಕೊಂಡದ್ದೋ, ಡಿಎನ್‌ಎ ಲೈಗೇಸ್ ಎಂಬ ಕಿಣ್ವ! ನನ್ನ ಕೈಯಲ್ಲಿ ಎರಡು ಬಿಳಿ ಲಾಡಿಗಳಿಗೆ ಉದ್ದಕ್ಕೂ ಟಿಚ್ ಬಟನ್ ಹಚ್ಚಿಸಿದರು. ಪಾಠದ ದಿನ ಬೆಳಿಗ್ಗೆ ಅವನ್ನು ಒಂದಕ್ಕೊಂದು ಒತ್ತಿ ಜೋಡಿಸಿ, ಇವೇ ಡಿಎನ್‌ಎಯ ಎರಡು ಎಳೆ ಎಂದು ನನ್ನ ಮತ್ತು ಅತ್ತೆಯ ಮುಂದೆ ತಾಲೀಮು ಶುರುಮಾಡಿದರು. ಆಮೇಲೆ ಒಂದು ಲಾಡಿಯನ್ನು ನಡುವೆ ಕತ್ತರಿಸಿಯೇಬಿಟ್ಟರು. ನನ್ನ ಜೀವ ಹಾರಿತು. ಆದರೆ ಲಾಡಿ ಕಳಚಿ ಬೀಳಲಿಲ್ಲ. ಎದುರಿನ ಎಳೆಯ ಬಟನ್‌ಗಳು ಎರಡೂ ತುದಿಗಳನ್ನು ಅಕ್ಕಪಕ್ಕದಲ್ಲೇ ಹಿಡಿದುಕೊಂಡಿದ್ದವು.

"ಹೊಸಾ ಎಳಿ ತಯಾರಾಗುವಾಗ ಒಂದು ಬದಿ ತುಂಡು ತುಂಡಾಗಿ ಬರ್ತೈತಿ. ಲೈಗೇಸ್ ಬಂದು ತುದಿಗೆ ತುದಿ ಕೂಡಸ್ತೈತಿ" ಎಂದರು.

"ಅಂದ್ರ ಕೌದಿ ಹೊಲದಂಗ ಅನ್ನಪಾ" ಎಂದರು ಜೋಳ ಹಸನು ಮಾಡುತ್ತಿದ್ದ ಅತ್ತೆ.

"ಅಲ್ಲವ್ವಾ, ಕೌದ್ಯಾಗ ಒಂದರ ಮ್ಯಾಲ ಒಂದು ತುಂಡು ಬರ್ತೈತಿ. ಇಲ್ಲೆ ತ್ಯಾಪಿ ಇಲ್ಲ, ದಾರಾ ಇಲ್ಲ, ಗಂಟಿಲ್ಲ. ಕೂಡಿಸಿ ತಾನು ಹೋಗಿಬಿಡ್ತೈತಿ."

"ಮತ್ತ ಕೂಲಿ?"

"ಒಂದೊಂದು ಜೋಡಣಿಗೂ ಜೀವಕೋಶ ಒಂದೀಟು ಶಕ್ತಿ ಕೊಡ್ತೈತಿ. ಅಷ್ಟ."

"ಒಂದು ಕಪ್ಪು ಚಾದ ಮ್ಯಾಲ ಇಷ್ಟು ಕೆಲಸಾ! ನಮ್ಮನಿಗೂ ಅಂಥಾಕಿ ಒಬ್ಬಾಕಿನ್ನ ಕರಕೊಂಡ ಬರಬೇಕಿತ್ತು ನೋಡು" ಎಂದು ಅತ್ತೆ ನನ್ನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದರು.

ನಾನು ಬೆರಗಾಗಿದ್ದೆ, ಸಿಟ್ಟಿಗೇಳಲು ಪುರಸೊತ್ತಿರಲಿಲ್ಲ. ಗಂಟಿಲ್ಲದ ಜೋಡಣೆ! ನಾವು ರೊಟ್ಟಿ ಬಡಿಯುವಾಗಲೂ, ಸಿಡುಕುವಾಗಲೂ ಮೈಯೊಳಗೆ ಈ ಕೆಲಸ ತನ್ನಪಾಡಿಗೆ ನಡೆದಿರುತ್ತದಂತೆ. ಸಿಸ್ಟರ್ ಎಷ್ಟು ಮಗುಚಿ ನೋಡಿದರೂ ಹೆಸರಿಡುವಂತಿಲ್ಲ. ಅದೇ ಗುಂಗಿನಲ್ಲಿದ್ದೆ. ಇವರು ಸ್ನಾನಕ್ಕೆ ಹೋದರು, ಲಾಡಿ ಮೇಜಿನ ಮೇಲೆ ತುಂಡಾಗಿ ಬಿದ್ದಿತ್ತು. ಕೈ ನನ್ನ ಮಾತು ಕೇಳಲಿಲ್ಲ. ಬಿಳಿ ದಾರದಲ್ಲಿ ಎಳೆಗೆ ಎಳೆ ಹೆಣೆದು ಕೂಡಿಸಿಬಿಟ್ಟೆ. ಇವರು ಅದನ್ನು ನೋಡದೆಯೇ ಚೀಲಕ್ಕೆ ತುರುಕಿಕೊಂಡು ಕಾಲೇಜಿಗೆ ಓಡಿದರು.

ಸಂಜೆ ಇವರು ಬಂದವರೇ, "ಎಲ್ಲಾರ ಮುಂದ ನಿಂತು, 'ಇಲ್ಲೆ ತುಂಡಾಗೈತಿ ನೋಡ್ರಿ' ಅಂದೆ. ತುಂಡಾದ್ದು ಎಲ್ಲೈತಿ?" ಎಂದರು. ಹೋಯಿತು ಕಾಯಂ ಕೆಲಸ! ಇವರು ಲಾಡಿಯನ್ನು ಎರಡು ಸಲ ಮಗುಚಿ ನೋಡಿ, ಕೊನೆಗೆ, "ಲೈಗೇಸ್ ಕೂಡಿಸಿ ಹೋಗೇತ್ರಿ. ಎಲ್ಲಿ ಕೂಡೇತಿ, ನೀವ ಹುಡಕ್ರಿ" ಎಂದರಂತೆ. ಲಾಡಿ ಕೈಯಿಂದ ಕೈಗೆ ಹೋಯಿತು. ಅರಿವೆ ಅಂಗಡಿಯ ಯಜಮಾನರು ಮೂಗಿಗೆ ಚಾಳೀಸು ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಸೋತು, "ಮಾಸ್ತರ, ನಿಮ್ಮ ಲೈಗೇಸನ್ನ ನಮ್ಮ ಅಂಗಡಿಗೆ ಕಳಸ್ರಿ, ಪಗಾರ ಕೊಡ್ತೇನಿ" ಎಂದರಂತೆ. ಕೆಲಸ ಅಲ್ಲೇ ಕಾಯಂ ಆಯಿತು.

ಗುರುತು ಉಳಿಸದೆ, ಹೆಸರು ಬಯಸದೆ ಕೂಡಿಸಿ ಹೋಗುವುದೇ ಆ ಕಿಣ್ವದ ದೊಡ್ಡತನ. ನಾನೂ ಇನ್ನು ಹಾಗೇ ಇರಬೇಕೆಂದು ನಿಶ್ಚಯಿಸಿದೆ. ಮರುದಿನ ನಳದ ಹತ್ತಿರ ನೀರಿಗೆ ನಿಂತಿದ್ದ ಓಣಿಯ ಹೆಂಗಸರಿಗೆಲ್ಲ ಲಾಡಿಯನ್ನೂ ತೋರಿಸಿ, ಆ ನಿಶ್ಚಯವನ್ನು ವಿವರವಾಗಿ ಹೇಳಿದೆ.